ಆರು ಮರದ ಅಚ್ಚು, ಒಂದು ಕೆ.ಜಿ. ಸಕ್ಕರೆ: ಸಂಕ್ರಾಂತಿಗೆ ಕೊಂಡ ಸೆಟ್ ಹೇಗಿದೆ

ಮದ್ದೂರಿನ ಹತ್ತಿರ ನಮ್ಮಜ್ಜಿಯ ಊರು. ಅಲ್ಲಿ ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಸಕ್ಕರೆ ಅಚ್ಚಿನ ಮಣೆಗಳಿದ್ದವು. ಅಜ್ಜಿ ಹೋದ ಮೇಲೆ ಯಾರೂ ತೆಗೆದು ನೋಡಲಿಲ್ಲ. ತೆಗೆದಾಗ ಗೆದ್ದಲು ತಿಂದು ಮುಗಿಸಿತ್ತು. ಅಂದಿನಿಂದ ಹನ್ನೆರಡು ವರ್ಷ ನಾನು ಅಂಗಡಿಯ ಸಕ್ಕರೆ ಅಚ್ಚನ್ನೇ ತಂದು ಎಳ್ಳು ಬೀರಿದ್ದೇನೆ. ಪ್ರತಿ ಸಲವೂ ಏನೋ ಕಡಿಮೆಯಾದ ಹಾಗೆ ಅನಿಸುತ್ತಿತ್ತು.

2024ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಗಾಂಧಿ ಬಜಾರಿಗೆ ಹೋದಾಗ ಒಂದು ಪೂಜಾ ಸಾಮಾನಿನ ಅಂಗಡಿಯಲ್ಲಿ ಮರದ ಅಚ್ಚು ಕಣ್ಣಿಗೆ ಬಿತ್ತು. ಆರರ ಸೆಟ್, 1,150 ರೂಪಾಯಿ. ತುಳಸಿ ಕಟ್ಟೆ, ಗೋಪುರ, ಆನೆ, ಗಿಳಿ, ಬಾಳೆಗೊನೆ, ಮೀನು. ತೇಗದ ಮರ ಅಂತ ಅಂಗಡಿಯವರು ಹೇಳಿದರು. ಕೈಯಲ್ಲಿ ಹಿಡಿದರೆ ತೂಕ ಚೆನ್ನಾಗಿತ್ತು, ಪಾಲಿಶ್ ವಾಸನೆ ಇರಲಿಲ್ಲ. ಅಡುಗೆಗೆ ಬಳಸುವ ಮರ ಹಾಗೇ ಇರಬೇಕು. ಚೌಕಾಸಿ ಮಾಡದೆ ತಂದೆ.

ಒಂದೊಂದು ಅಚ್ಚೂ ಎರಡು ಹೋಳು. ಒಳಗೆ ಅರ್ಧ ಆನೆ ಈ ಕಡೆ, ಅರ್ಧ ಆನೆ ಆ ಕಡೆ. ಎರಡನ್ನೂ ಜೋಡಿಸಿ ಕಟ್ಟಿ, ಬುಡದ ಬಾಯಿಯಿಂದ ಪಾಕ ಸುರಿಯಬೇಕು. ತುಳಸಿ ಕಟ್ಟೆಯ ಕೆತ್ತನೆ ನಿಜಕ್ಕೂ ಸೊಗಸಾಗಿದೆ. ಕಟ್ಟೆಯ ಮೆಟ್ಟಿಲು, ದೀಪ ಇಡುವ ಗೂಡು, ಮೇಲೆ ಗಿಡದ ಎಲೆಗಳು, ಎಲ್ಲವೂ ಸಕ್ಕರೆಯಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಆನೆಯ ಸೊಂಡಿಲು ಮಾತ್ರ ತುಂಬಾ ಸಣ್ಣ. ಹತ್ತರಲ್ಲಿ ನಾಲ್ಕು ಸೊಂಡಿಲು ಮುರಿದವು. ಕೆತ್ತುವಾಗ ಅದನ್ನು ಮೈಗೆ ಅಂಟಿಸಿ ಬಿಟ್ಟಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ಗಿಳಿಯ ಅಚ್ಚಿನಲ್ಲಿ ಇನ್ನೊಂದು ದೋಷ. ಎರಡು ಹೋಳು ಸರಿಯಾಗಿ ಕೂರುವುದಿಲ್ಲ, ಕೊಕ್ಕಿನ ಹತ್ತಿರ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಪಾಕ ಅಲ್ಲಿಂದ ಜಿನುಗಿ, ಗಿಳಿಯ ಸುತ್ತ ತೆಳ್ಳನೆಯ ರೆಕ್ಕೆಯ ಹಾಗೆ ಸಕ್ಕರೆ ಕಟ್ಟುತ್ತದೆ. ಚಾಕುವಿನಿಂದ ಮೆಲ್ಲಗೆ ಹೆರೆದರೆ ಹೋಗುತ್ತದೆ, ಆದರೆ ಪ್ರತಿ ಗಿಳಿಗೂ ಆ ಕೆಲಸ. ಅಂಗಡಿಗೆ ಹೋಗಿ ಕೇಳಿದೆ, ಬದಲಾಯಿಸಿ ಕೊಡಲಿಲ್ಲ. ಕೊಳ್ಳುವವರು ಅಂಗಡಿಯಲ್ಲೇ ಹೋಳುಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿ. ಬೆಳಕು ಕಂಡರೆ ಬೇರೆ ಕೇಳಿ.

ಮಾಡುವ ವಿಧಾನ ಅಂಗಡಿಯವರು ಹೇಳುವುದಿಲ್ಲ, ಪೊಟ್ಟಣದ ಮೇಲೂ ಇಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಹಿಂದಿನ ರಾತ್ರಿ ಅಚ್ಚುಗಳನ್ನು ನೀರಲ್ಲಿ ನೆನೆಹಾಕು ಅಂದರು. ಇದು ಮುಖ್ಯ, ಒಣ ಮರಕ್ಕೆ ಪಾಕ ಅಂಟಿಕೊಂಡುಬಿಡುತ್ತದೆ. ಒಂದು ಕೆ.ಜಿ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ಬೂದು ನೊರೆಯಾಗಿ ಮೇಲೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದು ಸೌಟು ಪಾಕವನ್ನು ಚಿಕ್ಕ ಬಾಣಲೆಗೆ ಹಾಕಿ ಕಾಯಿಸುತ್ತಾ ತಿರುವಬೇಕು. ಬಾಣಲೆಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಲು ಶುರುವಾಗುತ್ತದೆ, ತಿಳಿಯಾಗಿದ್ದ ಪಾಕ ಮಜ್ಜಿಗೆಯ ಹಾಗೆ ಮಬ್ಬಾಗುತ್ತದೆ. ಆ ಗಳಿಗೆಯಲ್ಲೇ ಸುರಿಯಬೇಕು. ಅರ್ಧ ನಿಮಿಷ ತಡವಾದರೆ ಬಾಣಲೆಯಲ್ಲೇ ಗಟ್ಟಿ. ಹತ್ತು ನಿಮಿಷ ಬಿಟ್ಟು ದಾರ ಬಿಚ್ಚಿ, ಹೋಳುಗಳನ್ನು ಮೆಲ್ಲಗೆ ತಟ್ಟಿದರೆ ಸಕ್ಕರೆ ಅಚ್ಚು ಬಿಟ್ಟುಕೊಳ್ಳುತ್ತದೆ.

ಸೆಟ್ ಜೊತೆ ಕೊಟ್ಟ ರಬ್ಬರ್ ಬ್ಯಾಂಡ್ ಬಿಸಿಗೆ ಎರಡೇ ಸುತ್ತಿನಲ್ಲಿ ಕಿತ್ತುಹೋಯಿತು. ಹೂ ಕಟ್ಟುವ ದಾರವೇ ವಾಸಿ.

2025ರ ಸಂಕ್ರಾಂತಿ ಜನವರಿ 14, ಮಂಗಳವಾರ ಬಿತ್ತು. ಶನಿವಾರ ಬೆಳಗ್ಗೆ ಕೂತು ಮಧ್ಯಾಹ್ನದ ಹೊತ್ತಿಗೆ 38 ಅಚ್ಚು ತೆಗೆದೆ. ಮುರಿದವನ್ನು ಮತ್ತೆ ಪಾಕಕ್ಕೆ ಹಾಕಿದರಾಯಿತು, ಏನೂ ದಂಡವಾಗುವುದಿಲ್ಲ. ಬಿಳಿ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದಾಗ ನಂಗೆ ಅಜ್ಜಿಯ ಅಡುಗೆಮನೆಯೇ ಕಣ್ಣ ಮುಂದೆ ಬಂತು. ಆ ಊರಲ್ಲಿ ಸಂಜೆ ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಿದ್ದರು. ಅದು ಗಂಡಸರ ಗದ್ದಲ. ನಮ್ಮ ಹಬ್ಬ ಈ ತಟ್ಟೆಯಲ್ಲಿತ್ತು.

ಅದೇ ಅಂಗಡಿಯಲ್ಲಿ ರೆಡಿ ಎಳ್ಳು ಬೆಲ್ಲವನ್ನೂ ಅರ್ಧ ಕೆ.ಜಿ. ತಂದಿದ್ದೆ. ಅದು ನಿರಾಸೆ. ಕೊಬ್ಬರಿಗೆ ಕನರು ವಾಸನೆ ಬಂದಿತ್ತು, ಬೆಲ್ಲ ಪುಡಿಯಾಗಿ ತಳಕ್ಕೆ ಇಳಿದಿತ್ತು. ಬಣ್ಣದ ಜೀರಿಗೆ ಮಿಠಾಯಿ ಜಾಸ್ತಿ, ಎಳ್ಳು ಕಡಿಮೆ. ಬಿಳಿ ಎಳ್ಳು, ಹುರಿಗಡಲೆ, ಸಿಪ್ಪೆ ತೆಗೆದ ಕಡಲೆಬೀಜ, ಕೊಬ್ಬರಿ, ಬೆಲ್ಲ, ಇಷ್ಟೇ ತಾನೆ? ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಹಾಗೇ ಹೆಚ್ಚಿ ಎರಡು ದಿನ ಬಿಸಿಲಿಗೆ ಇಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಜನವರಿಯ ಚಳಿಗೆ ಮೈ ಒಡೆಯುವ ಹೊತ್ತಿನಲ್ಲಿ ಎಳ್ಳು, ಕೊಬ್ಬರಿಯ ಎಣ್ಣೆಯಂಶ ಬೇಕು ಅಂತ ಅಜ್ಜಿ ಹೇಳುತ್ತಿದ್ದರು. ಕನರು ಕೊಬ್ಬರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಒಳ್ಳೆ ಮಾತಾಡಿ ಅನ್ನಲು ನಂಗೆ ಮನಸ್ಸಾಗಲಿಲ್ಲ. ಪೊಟ್ಟಣ ಪಕ್ಕಕ್ಕಿಟ್ಟು ಭಾನುವಾರ, ಸೋಮವಾರ ಬಿಸಿಲಿಗಿಟ್ಟು ಬೇರೆ ಮಾಡಿದೆ.

ಸೂರ್ಯ ಮಕರ ರಾಶಿಗೆ ಬರುವ ದಿನ, ಉತ್ತರಾಯಣದ ಪುಣ್ಯಕಾಲ ಅಂತ ಪಂಚಾಂಗ ಹೇಳುತ್ತದೆ. ಗವಿಪುರದ ಗವಿಗಂಗಾಧರೇಶ್ವರ ಗುಡಿಯಲ್ಲಿ ಅಂದು ಸಂಜೆ ಬಿಸಿಲು ನಂದಿಯ ಕೊಂಬಿನ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ಅದನ್ನು ನೋಡಲು ಊರೇ ನೆರೆಯುತ್ತದೆ. ನಂಗೆ ಮಾತ್ರ ಸಂಕ್ರಾಂತಿ ಅಂದರೆ ಎಳ್ಳು ಬೀರುವುದು. ವರ್ಷವಿಡೀ ಲಿಫ್ಟಿನಲ್ಲಿ ತಲೆ ಅಲ್ಲಾಡಿಸಿ ಸುಮ್ನಾಗುವ ಮನೆಗಳಿಗೆ ಅಂದು ತಟ್ಟೆ ಹಿಡಿದು ಹೋಗುತ್ತೇವೆ. ಎಳ್ಳು ಬೆಲ್ಲ, ಒಂದು ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮ. ಅದರ ಹಿಂದಿನ ವರ್ಷ ನೀರಿನ ಟ್ಯಾಂಕಿನ ವಿಷಯಕ್ಕೆ ನನ್ನ ಜೊತೆ ಜಗಳವಾಡಿ ಮಾತು ಬಿಟ್ಟವರು ಮೂರನೇ ಮಹಡಿಯಲ್ಲಿದ್ದಾರೆ. ಅವರಿಗೆ ತುಳಸಿ ಕಟ್ಟೆಯನ್ನು ಆರಿಸಿ ಇಟ್ಟಿದ್ದೆ. ಬಾಗಿಲು ತೆಗೆದು ತಟ್ಟೆ ನೋಡಿದರು. "ಇದು ಮನೇಲೇ ಮಾಡಿದ್ದಾ?" ಅಂತ ಕೇಳಿದರು. ಅವರದು ಧಾರವಾಡದ ಕಡೆ, ಅಲ್ಲಿ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಕಟ್ಟಿದ ಎಳ್ಳು, ಹಂಚುತ್ತಾರಂತೆ. ಅದನ್ನು ಹೇಳುತ್ತಾ ಹೇಳುತ್ತಾ ಒಳಗೆ ಕರೆದು ಕಾಫಿ ಕೊಟ್ಟರು. ಪೊಟ್ಟಣದ ಅಚ್ಚು ಕೊಟ್ಟಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ, ಅಲ್ವಾ?

ಹಾಗಾಗಿ ಅಚ್ಚಿನ ಸೆಟ್‌ಗೆ ಐದಕ್ಕೆ ನಾಲ್ಕು ಅಂಕ. ಗಿಳಿಗೂ ಆನೆಗೂ ಸೇರಿ ಒಂದು ಕಳೆದಿದ್ದೇನೆ. ರೆಡಿ ಎಳ್ಳು ಬೆಲ್ಲ ಕೊಳ್ಳಬೇಡಿ. ಅಚ್ಚು ಬೇಕಾದವರು ಡಿಸೆಂಬರ್‌ನಲ್ಲೇ ಹೋಗಿ. ಹಬ್ಬದ ವಾರ ಗಾಂಧಿ ಬಜಾರಿನಲ್ಲಿ ಕಬ್ಬು, ಅವರೆಕಾಯಿ, ಎಲಚಿ ಹಣ್ಣಿನ ರಾಶಿಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ, ನಿಂತು ಹೋಳು ಜೋಡಿಸಿ ನೋಡಲು ಯಾರೂ ಬಿಡುವುದಿಲ್ಲ.

ಬಳಸಿದ ಮೇಲೆ ಸೋಪು ಹಾಕಬೇಡಿ. ಬಿಸಿನೀರಿನಲ್ಲಿ ತೊಳೆದರೆ ಸಂದಿನಲ್ಲಿ ಸೇರಿದ ಸಕ್ಕರೆಯೂ ಕರಗಿ ಹೋಗುತ್ತದೆ. ನಾನು ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಬೇವಿನ ಎಲೆ ಹಾಕಿ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದೇನೆ. ಅಟ್ಟಕ್ಕೆ ಹಾಕಿಲ್ಲ. ಅಡುಗೆಮನೆಯಲ್ಲಿ, ದಿನಾ ಕೈಗೆ ಸಿಗುವ ಕಪಾಟಿನಲ್ಲಿದೆ.