ಫ್ಲಾಪಿ ಹೆಡ್ ಓಡಿಸಲು ಡಿಲೇ, ಟೈಮರ್, ರ‍್ಯಾಂಪ್: ಮೂರನ್ನೂ ಮಾಡಿ ನೋಡಿದೆ

ಹಳೇ 3.5 ಇಂಚಿನ ಫ್ಲಾಪಿ ಡ್ರೈವನ್ನು ಆರ್ಡುಯಿನೋಗೆ (ಪ್ರೋಗ್ರಾಮ್ ಹಾಕಿ ಓಡಿಸುವ ಪುಟ್ಟ ಬೋರ್ಡ್) ಕಟ್ಟಿ, ಡಿಸ್ಕ್ ಓದುವ ಹೆಡ್ಡನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುವ ಸ್ಟೆಪ್ಪರ್ ಮೋಟರನ್ನು ಮೂರು ಥರ ಓಡಿಸಿ ನೋಡಿದೆ. ಪರೀಕ್ಷೆ ಇಷ್ಟೇ: ಹೆಡ್ ಟ್ರ್ಯಾಕ್ (ಡಿಸ್ಕಿನ ಮೇಲಿನ ಒಂದು ಸುತ್ತು) 0ರಿಂದ 79ಕ್ಕೆ ಹೋಗಿ ವಾಪಸ್ ಬರಬೇಕು, 26ನೇ ಪಿನ್ನಿನ ಟ್ರ್ಯಾಕ್ 0 ಸಿಗ್ನಲ್ ವಾಪಸ್ಸಿನ ಸರಿಯಾಗಿ 79ನೇ ಹೆಜ್ಜೆಗೆ ಲೋ ಆಗಬೇಕು, ಅಂದರೆ ಹೆಡ್ 0ಕ್ಕೆ ಬಂತು ಅಂತ ಹೇಳಬೇಕು. ಮೊದಲೇ ಆದರೆ ಹೋಗುವಾಗ ಹೆಜ್ಜೆ ತಪ್ಪಿದೆ, ಆಗದೇ ಹೋದರೆ ಬರುವಾಗ ತಪ್ಪಿದೆ.

ಮೊದಲು ಡಿಲೇ. 18ನೇ ಪಿನ್ನಿನಲ್ಲಿ ದಿಕ್ಕು, 20ರಲ್ಲಿ ಚಿಕ್ಕ ಪಲ್ಸ್ (ಒಂದಕ್ಕೆ ಒಂದು ಹೆಜ್ಜೆ), ಆಮೇಲೆ 3 ಮಿಲಿಸೆಕೆಂಡ್ ಸುಮ್ನೆ ಕಾಯುವುದು. 79 ಹೆಜ್ಜೆಗೆ 237 ಮಿಲಿಸೆಕೆಂಡ್. ಒಂದೂ ತಪ್ಪಲಿಲ್ಲ. 2ಕ್ಕೆ ಇಳಿಸಿದೆ, ಆಗಾಗ ತಪ್ಪಿತು. ಇದರ ತೊಂದರೆ ಒಂದೇ, ಅಷ್ಟು ಹೊತ್ತು ಆರ್ಡುಯಿನೋ ಚಿಪ್ ಬೇರೆ ಕೆಲಸ ಮಾಡಲ್ಲ.

ಹಾಗಾಗಿ ಟೈಮರ್ ಇಂಟರಪ್ಟ್ ಹಾಕಿದೆ (ಹೊತ್ತಾದಾಗ ಟೈಮರೇ ಚಿಪ್ಪಿನ ಬೇರೆ ಕೆಲಸ ತಡೆದು ಪಲ್ಸ್ ಕೊಡಿಸುತ್ತೆ), ಇದೇ ಗೆಲ್ಲುತ್ತೆ ಅಂದುಕೊಂಡಿದ್ದೆ. ಆದರೆ ಅದೇ 3 ಮಿಲಿಸೆಕೆಂಡಿಗೆ ಹೆಜ್ಜೆ ತಪ್ಪಲು ಶುರು! ತಲೆ ಕೆರೆದುಕೊಂಡು ಎರಡು ಸಂಜೆ ಹೋಯಿತು. ಕೋಡಿನಲ್ಲಿ ಬೇರೆಲ್ಲೋ ಇಂಟರಪ್ಟ್ ಆಫ್ ಮಾಡುತ್ತಿದ್ದೆ, ಅದರಿಂದ ಒಂದು ಪಲ್ಸ್ 1 ಮಿಲಿಸೆಕೆಂಡ್ ತಡವಾಗುತ್ತಿತ್ತು, ಮುಂದಿನದು ಮಾತ್ರ ತನ್ನ ಹೊತ್ತಿಗೇ ಬರುತ್ತಿತ್ತು, ನಡುವೆ ಉಳಿದದ್ದು 2 ಮಿಲಿಸೆಕೆಂಡ್. ತಡವಾದರೆ ಮೋಟರಿಗೆ ಏನೂ ಆಗಲ್ಲ, ಬೇಗ ಬಂದರೆ ಕಷ್ಟ. ಡಿಲೇಯಲ್ಲಿ ಇದು ಆಗೋದೇ ಇಲ್ಲ, ಅಲ್ವಾ? ಪಲ್ಸ್ ಕೊಟ್ಟ ಮೇಲೆ ಟೈಮರನ್ನು ಸೊನ್ನೆಯಿಂದ ಶುರು ಮಾಡಿದೆ, ಸರಿಹೋಯಿತು.

ರ‍್ಯಾಂಪ್, ಅಂದರೆ ನಿಧಾನಕ್ಕೆ ಶುರು ಮಾಡಿ ವೇಗ ಏರಿಸೋದು. ಉದ್ದದ ಓಟದಲ್ಲಿ ಸ್ವಲ್ಪ ಹೊತ್ತು ಉಳಿಯಿತು ನಿಜ. ಆದರೆ ಫೈಲ್ ಓದುವಾಗ ಹೆಡ್ ಹೆಚ್ಚಾಗಿ ಪಕ್ಕದ ಟ್ರ್ಯಾಕಿಗೇ ಹೋಗೋದು, ಅಲ್ಲಿ ವೇಗ ಏರೋಕೆ ಜಾಗವೇ ಇಲ್ಲ. ಅದರ ಮೇಲೆ ಕೊನೆಯ ಹೆಜ್ಜೆಯ ನಂತರ ಹೆಡ್ ನಿಲ್ಲಲು 15 ಮಿಲಿಸೆಕೆಂಡ್ ಹೇಗಿದ್ದರೂ ಕೊಡಲೇಬೇಕು. ಆಪಲ್ II ಕಂಪ್ಯೂಟರಿನ ಫ್ಲಾಪಿ ಡ್ರೈವ್ ಡಿಸ್ಕ್ IIರ ಕಥೆ ಬೇರೆ: ಅಲ್ಲಿ ಮೋಟರಿನ ಕಾಯಿಲ್‌ಗಳನ್ನು, ಅಂದರೆ ನಾಲ್ಕು ಫೇಸ್‌ಗಳನ್ನು ಕಂಪ್ಯೂಟರಿನ ಸಾಫ್ಟ್‌ವೇರೇ ಆನ್-ಆಫ್ ಮಾಡಬೇಕು, ಅದರ ಡಾಸ್ 3.3 ಸಾಫ್ಟ್‌ವೇರಿನ ಸೀಕ್ (ಹೆಡ್ ಸರಿಸುವ) ಕೋಡಿನಲ್ಲಿ ಇದಕ್ಕೇ ವೇಗ ಏರಿಸುವ ಟೇಬಲ್ ಇದೆ. ನನ್ನ ಡ್ರೈವಿನಲ್ಲಿ ಫೇಸ್ ಕೆಲಸ ಒಳಗಿನ ಬೋರ್ಡೇ ನೋಡಿಕೊಳ್ಳುತ್ತೆ.

ಹಳೇ ಕಂಪ್ಯೂಟರ್ ಅಟಾರಿ ಎಸ್‌ಟಿಯ ಫ್ಲಾಪಿ ಓಡಿಸುವ ಡಬ್ಲ್ಯುಡಿ1772 ಚಿಪ್‌ನಲ್ಲಂತೂ ರ‍್ಯಾಂಪೇ ಇಲ್ಲ. ಹೆಜ್ಜೆಗೆ 2, 3, 6, 12 ಮಿಲಿಸೆಕೆಂಡ್, ನಾಲ್ಕರಲ್ಲಿ ಒಂದು ಆರಿಸಿಕೋ ಅಷ್ಟೇ.

ರ‍್ಯಾಂಪ್ ಕೋಡ್ ಅಳಿಸಿ ಹಾಕಿದೆ. ಈಗ ಇರೋದು ಟೈಮರ್, 3 ಮಿಲಿಸೆಕೆಂಡಿಗೆ. ಸುಮ್ನೆ ಡ್ರೈವ್ ಚೆಕ್ ಮಾಡೋದಾದರೆ ಈಗಲೂ ಡಿಲೇನೇ ಹಾಕ್ತೀನಿ.