ಟೈಮಿಂಗ್ ಬೆಲ್ಟ್ ಹೊಸದು ಅಂತ ಮುಚ್ಚಳ ತೆಗೆದು ತೋರಿಸಿದರೆ ನಂಬಬೇಡಿ

ಬೆಳಗಾವಿಯಲ್ಲಿ ಯಾರಾದರೂ ಹಳೆ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡಿದ್ದರೆ, ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗೆ ಪಿಸ್ಟನ್‌ಗೂ ವಾಲ್ವ್‌ಗೂ ತಾಳ ತಪ್ಪದ ಹಾಗೆ ಓಡಿಸುವ ಬೆಲ್ಟ್) ಹಾಕಿಸೋಕೆ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನನಗೆ 32,000 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ನಾನು ಉದ್ಯಮಬಾಗದ ಮಷಿನ್ ಶಾಪ್‌ನಲ್ಲಿ 14 ವರ್ಷದಿಂದ ಕೆಲಸ ಮಾಡುವವನು. ದಿನಾ ಡಯಲ್ ಗೇಜ್ ಹಿಡಿದು ಬೇರೆಯವರ ಕೆಲಸ ಚೆಕ್ ಮಾಡುತ್ತೇನೆ. ನನ್ನ ಗಾಡಿಯ ಕೆಲಸ ಮಾತ್ರ ಚೆಕ್ ಮಾಡಲಿಲ್ಲ. ಇದನ್ನು ಬರೆಯೋಕೂ ನಾಚಿಕೆ ಆಗುತ್ತಿದೆ.

ಕಾರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಮೊದಲ ಮಾಡೆಲ್. 1.8 ಲೀಟರ್ ಟರ್ಬೊ, 20 ವಾಲ್ವ್. ಓಡಿಸಿದವರಿಗೆ ಗೊತ್ತು ಅದು ಎಂಥ ಗಾಡಿ ಅಂತ. ಡಿಪ್ಲೊಮಾ ಓದುವಾಗಿನಿಂದ ಆಸೆ ಇತ್ತು, ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಮಾರಿದವರಿಗೇ ನೆನಪಿರಲಿಲ್ಲ. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ಆಮೇಲೆ ಹೆಡ್, ಅಂದರೆ ವಾಲ್ವ್ ಕೂತಿರುವ ಎಂಜಿನ್ನಿನ ಮೇಲ್ಭಾಗ, ಬಿಚ್ಚಲೇಬೇಕು. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಪಂಪ್ ಜಾಮ್ ಆದರೂ ಬೆಲ್ಟ್ ಹೋಗುತ್ತದೆ. ಅದಕ್ಕೇ ಬೆಲ್ಟ್, ಅದನ್ನು ಬಿಗಿ ಇಡುವ ಟೆನ್ಷನರ್, ರೋಲರ್, ಪಂಪ್ ಎಲ್ಲ ಒಟ್ಟಿಗೆ ಹಾಕಿಸುವುದು. ನಾನೂ ಇಲ್ಲಿನ ಗ್ಯಾರೇಜಿನವರಿಗೆ ಬಾಯಿಬಿಟ್ಟು ಹೇಳಿದ್ದೆ, ಎಲ್ಲ ಹೊಸದು ಬೇಕು ಅಂತ.

"ಪೂರಾ ಕಿಟ್ ಹಾಕತೀನ್ರಿ ಸರ್, ನಿಮ್ಮ ಗಾಡಿ ಅಂದ್ರ ನಮ್ಮ ಗಾಡಿ ಇದ್ದಂಗ" ಅಂದರು. 20,000 ಅಡ್ವಾನ್ಸ್ ಕೊಟ್ಟೆ. ಎರಡು ದಿನ ಅಂದದ್ದು ಒಂಬತ್ತು ದಿನ ಆಯಿತು. ಅದು ಇರುವುದೇ, ಬಿಡಿ.

ಗಾಡಿ ತರೋಕೆ ಹೋದ ದಿನ ನಡೆದದ್ದು ಕೇಳಿ. ಟೈಮಿಂಗ್ ಬೆಲ್ಟಿನ ಮೇಲಿನ ಮುಚ್ಚಳಕ್ಕೆ ಎರಡೇ ಕ್ಲಿಪ್. ಸ್ಪ್ಯಾನರ್ ಬೇಡ, ಕೈಯಲ್ಲೇ ಬಿಚ್ಚಬಹುದು. ಮೆಕ್ಯಾನಿಕ್ ಅದನ್ನು ತೆಗೆದು ಮೊಬೈಲ್ ಟಾರ್ಚ್ ಬಿಟ್ಟ. "ನೋಡ್ರಿ ಸರ್, ಹೊಸಾ ಬೆಲ್ಟ್." ಹೌದು, ಹೊಸದೇ. ಮೇಲಿನ ಅಕ್ಷರ ಕೂಡ ಅಳಿಸಿರಲಿಲ್ಲ. ನಾನು ಫೋಟೊ ಹೊಡೆದು ಗೆಳೆಯರಿಗೆಲ್ಲ ಕಳಿಸಿದೆ. ಕೆಳಗಿನ ಮುಚ್ಚಳದ ಒಳಗೆ ಏನಿದೆ ಅಂತ ಕೇಳಲಿಲ್ಲ. ಹಳೆ ಪಂಪ್ ಎಲ್ಲಿ ಅಂದದ್ದಕ್ಕೆ "ಗುಜರಿಯವ ಒಯ್ದನ್ರಿ" ಅಂದ. ಅದಕ್ಕೂ ತಲೆ ಆಡಿಸಿದೆ. ಉಳಿದ 12,000 ಕೊಟ್ಟು ಕಚ್ಚಾ ಬಿಲ್ ತಗೊಂಡೆ. ಅದರಲ್ಲಿ ಒಂದೇ ಸಾಲು: ಟೈಮಿಂಗ್ ಕಿಟ್, ಲೇಬರ್ ಸೇರಿ.

ಐಡ್ಲಿಂಗ್‌ನಲ್ಲಿ ಗಾಡಿ ಮುಂಚಿನ ಹಾಗೇ ನಡುಗುತ್ತಿತ್ತು. ಎರಡನೇ ದಿನ ಎಂಜಿನ್ ಲೈಟ್ ಹತ್ತಿತು. ಫೋನ್ ಮಾಡಿದರೆ, "ಹೊಸಾ ಬೆಲ್ಟ್ ಸೆಟ್ ಆಗಬೇಕ್ರಿ, 500 ಕಿಲೋಮೀಟರ್ ಓಡಸ್ರಿ." ಹಲ್ಲಿರುವ ಬೆಲ್ಟ್ ಓಡಿ ಓಡಿ ಎಲ್ಲಿ ಸೆಟ್ ಆಗುತ್ತದೆ? ಗಿಯರಿನ ಹಲ್ಲಿಗೆ ಕೂತ ಮೇಲೆ ಕೂತ ಹಾಗೆ. ಇಷ್ಟು ಗೊತ್ತಿದ್ದೂ ನಾನು ಆಯ್ತು ಅಂದೆ. ಆಮೇಲೆ ಗ್ಯಾರೇಜಿಗೆ ಹೋದಾಗ ಸ್ಕ್ಯಾನರ್ ಹಾಕಿ ಲೈಟ್ ಆರಿಸಿ ಕಳಿಸಿದರು. ಕೋಡ್ ಏನು ಬಂತು ಅಂತ ಹೇಳಲಿಲ್ಲ.

ನಿಪ್ಪಾಣಿಗೆ ಮದುವೆಗೆ ಹೊರಟಿದ್ದೆವು. ಅಪ್ಪ, ಅವ್ವ, ಹೆಂಡತಿ, ಮಗಳು ಎಲ್ಲರೂ ಇದ್ದರು. ವಂಟಮುರಿ ಘಾಟಿನಲ್ಲಿ ಗಾಡಿಗೆ ಜೀವವೇ ಇಲ್ಲ. ಮೂರನೇ ಗಿಯರಿನಲ್ಲಿ ಪೂರ್ತಿ ಒತ್ತಿದರೂ ಎಳೆಯುತ್ತಿಲ್ಲ. ಹಿಂದಿನಿಂದ ಲಾರಿಯವರ ಹಾರ್ನ್. ಅಪ್ಪ ಏನೂ ಅನ್ನದೆ ಕಿಟಕಿ ಕಡೆ ನೋಡುತ್ತ ಕೂತರು. ಈ ಕಾರು ಬೇಡ ಅಂತ ಮೊದಲೇ ಹೇಳಿದವರು ಅವರು.

ವಾಪಸ್ ಬಂದು ಕೇಳಿದರೆ ಗ್ಯಾರೇಜಿನವರ ಉತ್ತರ, "ಟರ್ಬೊ ಹೋಗೇತ್ರಿ. 45,000 ಆಗ್ತದ." ನಾನು ದುಡ್ಡು ಹೊಂದಿಸೋಕೂ ಶುರು ಮಾಡಿದ್ದೆ! ಜೊತೆ ಕೆಲಸ ಮಾಡುವವರೊಬ್ಬರು ತಡೆದರು. ಮೊದಲು ಬೇರೆ ಕಡೆ ಬಿಚ್ಚಿಸಿ ನೋಡು ಅಂದರು.

ಟೋ ಮಾಡಿಸಿ ಕೊಲ್ಹಾಪುರದ ಇನ್ನೊಂದು ಗ್ಯಾರೇಜಿಗೆ ಒಯ್ದೆ. ಸ್ಕ್ಯಾನರ್‌ನಲ್ಲಿ ಬಂದ ಕೋಡ್ ಪಿ1340. ಅಂದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಸೆನ್ಸರ್ ಹೇಳುವುದಕ್ಕೂ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಸೆನ್ಸರ್ ಹೇಳುವುದಕ್ಕೂ ತಾಳ ಇಲ್ಲ. ಈ ಸಲ ನಾನು ಪಕ್ಕದಲ್ಲೇ ನಿಂತೆ. ಕ್ರ್ಯಾಂಕ್ ಪುಲ್ಲಿ ಬಿಚ್ಚಿ ಕೆಳಗಿನ ಮುಚ್ಚಳ ತೆಗೆದರು. ಅಲ್ಲಿ ಹಳೆ ಪಂಪ್. ಹಳೆದೇ. ಸುತ್ತ ಕೂಲಂಟ್ ಸೋರಿ ಒಣಗಿದ ಕಲೆ. ಟೆನ್ಷನರ್ ಹಳೆದು, ರೋಲರ್ ಹಳೆದು. ರೋಲರನ್ನು ಬೆರಳಲ್ಲಿ ತಿರುಗಿಸಿದರೆ ಗರಗರ ಸದ್ದು. ಹೊಸದು ಅಂದರೆ ಬೆಲ್ಟ್ ಒಂದೇ, ಮೇಲಿನಿಂದ ಕಾಣುವುದು ಅದೊಂದೇ ಅಲ್ವಾ.

ಕ್ಯಾಮ್ ಗಿಯರ್ ಮೇಲೆ ಬಿಳಿ ಪೇಂಟ್ ಗುರುತು. ಅದನ್ನು ಕೆರೆದರೆ ಕೆಳಗೆ ಇನ್ನೊಂದು ಹಳದಿ ಗುರುತು, ಅದು ಮುಂಚೆ ಯಾರೋ ಹಚ್ಚಿದ್ದು. ಒಂದನೇ ಸಿಲಿಂಡರ್ ಟಿಡಿಸಿಗೆ (ಪಿಸ್ಟನ್ ತೀರ ಮೇಲೆ ಬರುವ ಜಾಗಕ್ಕೆ) ತಂದು ನೋಡಿದರೆ ಗಿಯರಿನ ಅಸಲಿ ಗುರುತು ಹೆಡ್ ಕವರಿನ ಗುರುತಿಗೆ ಕೂಡಲಿಲ್ಲ. ಒಂದು ಹಲ್ಲು ಆಚೆ. ಅಂದರೆ ಗಾಡಿ ನನ್ನ ಕೈಗೆ ಬಂದಾಗಲೇ ಟೈಮಿಂಗ್ ತಪ್ಪಿತ್ತು. ನಮ್ಮ ಬೆಳಗಾವಿ ಗ್ಯಾರೇಜಿನವರು ಕಂಪನಿ ಗುರುತು ನೋಡಲೇ ಇಲ್ಲ. ಹೇಗಿತ್ತೋ ಹಾಗೆ ಪೇಂಟ್ ಹಚ್ಚಿ, ಅದೇ ತಪ್ಪಿಗೆ ಹೊಸ ಬೆಲ್ಟ್ ಏರಿಸಿದ್ದರು.

ಕೊಲ್ಹಾಪುರದವರು ಪೂರಾ ಕಿಟ್ ಹಾಕಿ ಟೈಮಿಂಗ್ ಕೂಡಿಸಿದರು. ಸ್ಪ್ಯಾನರ್ ಹಿಡಿದು ಕೈಯಲ್ಲೇ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡುತ್ತದಾ ಅಂತ ನೋಡಿದರು. ಹೆಡ್ ಹಿಂಬದಿಯಲ್ಲಿ ಎರಡು ಕ್ಯಾಮ್ ಜೋಡಿಸುವ ಸಣ್ಣ ಚೈನನ್ನೂ ಬಿಡಲಿಲ್ಲ. ಎರಡು ಕ್ಯಾಮ್‌ಗಳ ಗುರುತಿನ ನಡುವೆ ಚೈನಿನ 16 ರೋಲರ್ ಇರಬೇಕು, ಎಣಿಸಿ ತೋರಿಸಿದರು. ಟರ್ಬೊಗೆ ಏನೂ ಆಗಿರಲಿಲ್ಲ. ಏನೂ! ಬರುವಾಗ ಅದೇ ಘಾಟಿನಲ್ಲಿ ಗಾಡಿ ಹೇಗೆ ಎಳೆಯಿತು ಅಂದರೆ ಕಣ್ಣಲ್ಲಿ ನೀರು ಬಂತು.

ಬೆಳಗಾವಿ ಗ್ಯಾರೇಜಿನವರಿಗೆ ಫೋನ್ ಮಾಡಿದೆ. ಮೊದಲು "ಬೆಲ್ಟ್ ಹೊಸಾದು ಹಾಕಿಲ್ಲೇನ್ರಿ ಹಂಗಾರ?" ಅಂದರು. ಪಂಪ್ ಎಲ್ಲಿ ಅಂದೆ. "ಪಂಪ್ ಚಲೋ ಇತ್ರಿ, ಸುಮ್ನ ಯಾಕ ಬದಲ ಮಾಡೂದಂತ ಬಿಟ್ಟೆ." ಹಾಗಾದರೆ ಅದರ ರೊಕ್ಕ ಯಾಕೆ ತಗೊಂಡಿರಿ, ಗುಜರಿಯವ ಒಯ್ದದ್ದು ಏನು? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವು ಬ್ಯಾರೆ ಕಡೆ ಬಿಚ್ಚಿಸೀರಿ. ಇನ್ನ ನಮ್ಮ ಜವಾಬ್ದಾರಿ ಇಲ್ಲ." ಅಷ್ಟೇ, ಇಟ್ಟರು. ಈಗ ಎತ್ತುವುದೇ ಇಲ್ಲ.

ಕಿಟ್ ನೀವೇ ತರಿಸಿ, ಡಬ್ಬಿ ನಿಮ್ಮ ಎದುರೇ ಒಡೆಸಿ. ಕೆಳಗಿನ ಮುಚ್ಚಳ ತೆಗೆದಿರುವಾಗ ರಜೆ ಹಾಕಿಯಾದರೂ ಅಲ್ಲಿ ನಿಲ್ಲಿ. ಹಳೆ ಪಂಪ್ ಕೈಗೆ ಬರುವ ತನಕ ಒಂದು ರೂಪಾಯಿ ಉಳಿಕೆ ಕೊಡಬೇಡಿ. "ನಿಮ್ಮ ಗಾಡಿ ನಮ್ಮ ಗಾಡಿ" ಅನ್ನುವವರ ಹತ್ತಿರ ಅಂತೂ ಕೊಡಲೇಬೇಡಿ.

ಹಳೆ ಪಂಪ್, ಟೆನ್ಷನರ್, ಆ ಗರಗರ ರೋಲರ್ ಮೂರೂ ನನ್ನ ಡಿಕ್ಕಿಯಲ್ಲಿ ಚೀಲದಲ್ಲಿವೆ. ಸೋಮವಾರ ಬೆಳಿಗ್ಗೆ ಗ್ಯಾರೇಜ್ ತೆರೆಯುವ ಹೊತ್ತಿಗೆ ಹೋಗಿ, ಗಿರಾಕಿಗಳ ಎದುರೇ ಅವರ ಟೇಬಲ್ ಮೇಲೆ ಇಡುತ್ತೇನೆ.