ಉಬುದ್‌ನ ಒಂದು ಕುಟುಂಬದ ಅಂಗಳದಲ್ಲಿ ವಾಸ್ತವ್ಯ

ಬಾಲಿ ದ್ವೀಪದ ಉಬುದ್‌ನಲ್ಲಿ ಈಜುಕೊಳವಿರುವ ವಿಲ್ಲಾಗಳಿಗೆ ಕೊರತೆಯಿಲ್ಲ. ಆದರೆ ಬಾಲಿಯ ಜನ ನಿತ್ಯ ಹೇಗೆ ಬದುಕುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬಯಸುವವರು, ಅಲ್ಲಿನ ಕುಟುಂಬಗಳು ತಮ್ಮ ಮನೆಯ ಆವರಣದಲ್ಲೇ ನಡೆಸುವ ಹೋಮ್‌ಸ್ಟೇಗಳಲ್ಲಿ ಉಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಉಳಿದದ್ದು ಅಂಥ ಒಂದು ಮನೆಯಲ್ಲಿ. ಅದು ಮೂರು ತಲೆಮಾರು ಒಟ್ಟಿಗೆ ಬಾಳುವ ಖಾಸಗಿ ಮನೆಯಾದ್ದರಿಂದ ಹೆಸರನ್ನು ಬರೆಯುತ್ತಿಲ್ಲ; ಉಬುದ್‌ನ ಒಳಬೀದಿಗಳಲ್ಲಿ ಇದೇ ವಿನ್ಯಾಸದ ಮನೆಗಳು ಸಾಲಾಗಿ ಇರುವುದರಿಂದ ಇಲ್ಲಿ ಹೇಳುವ ಬಹುಪಾಲು ವಿಷಯ ಅವುಗಳಿಗೂ ಅನ್ವಯಿಸುತ್ತದೆ.

ಆಂಗ್ಕುಲ್-ಆಂಗ್ಕುಲ್ ಎಂದು ಕರೆಯುವ ಬಾಗಿಲು ಒಬ್ಬರು ಹಾದುಹೋಗುವಷ್ಟೇ ಕಿರಿದಾಗಿದೆ. ಅದನ್ನು ದಾಟಿದ ಕೂಡಲೇ ಆಲಿಂಗ್-ಆಲಿಂಗ್ ಎಂಬ ಗಿಡ್ಡ ಗೋಡೆ ಅಡ್ಡ ನಿಲ್ಲುತ್ತದೆ. ಕೆಟ್ಟ ಶಕ್ತಿಗಳು ನೇರವಾಗಿ ಮಾತ್ರ ಚಲಿಸುತ್ತವೆ, ಆದ್ದರಿಂದ ಈ ಗೋಡೆಯನ್ನು ಸುತ್ತಿಕೊಂಡು ಒಳಗೆ ಬರಲಾರವು ಎಂಬುದು ಮನೆಯವರ ನಂಬಿಕೆ. ಬೀದಿಯಲ್ಲಿ ಹೋಗುವವರ ಕಣ್ಣಿನಿಂದ ಅಂಗಳವನ್ನು ಮರೆಮಾಡುವ ಕೆಲಸವನ್ನೂ ಅದು ಚೆನ್ನಾಗಿ ಮಾಡುತ್ತದೆ. ಗೋಡೆಯನ್ನು ಸುತ್ತಿ ಮುಂದೆ ಬಂದರೆ ಸಿಗುವುದು ನಾತಾಹ್, ಅಂದರೆ ಮನೆಯ ನಡುವಿನ ಬಯಲು ಅಂಗಳ. ನಮ್ಮ ತೊಟ್ಟಿ ಮನೆಯಲ್ಲಿ ಅಂಗಳದ ಸುತ್ತ ಒಂದೇ ಸೂರು ಹಬ್ಬಿಕೊಂಡಿದ್ದರೆ, ಇಲ್ಲಿ ಒಂದೊಂದು ಕೆಲಸಕ್ಕೂ ಎತ್ತರದ ಕಟ್ಟೆಯ ಮೇಲೆ ಒಂದೊಂದು ಬಿಡಿ ಮಂಟಪವಿದೆ; ಅದಕ್ಕೆ ಬಲೆ ಎನ್ನುತ್ತಾರೆ. ಉತ್ತರದಲ್ಲಿರುವ ಬಲೆ ದಾಜ ಹಿರಿಯರ ಮಲಗುವ ಮನೆ. ಅದಕ್ಕೆ ನಾಲ್ಕೂ ಕಡೆ ಗೋಡೆ ಇದೆ. ಪೂರ್ವದ ಬಲೆ ದಾಂಗಿನ್ ಎರಡು ಬದಿಗೆ ತೆರೆದ ಮಂಟಪ. ಮದುವೆಯ ವಿಧಿ, ಹಲ್ಲಿನ ತುದಿಯನ್ನು ಅರದಿಂದ ಸವೆಸುವ ಸಂಸ್ಕಾರ, ಸತ್ತವರನ್ನು ದಹನಕ್ಕೆ ಮುನ್ನ ಮಲಗಿಸುವುದು ಎಲ್ಲವೂ ಅಲ್ಲೇ ನಡೆಯುತ್ತವೆ. ಪಶ್ಚಿಮದಲ್ಲಿ ಮಕ್ಕಳ ಮತ್ತು ಅತಿಥಿಗಳ ಮಂಟಪ, ದಕ್ಷಿಣದಲ್ಲಿ ಅಡುಗೆಮನೆ ಮತ್ತು ಭತ್ತದ ಕಣಜ ಇವೆ. ಈಶಾನ್ಯ ಮೂಲೆಯಲ್ಲಿ, ಮತ್ತೊಂದು ಗೋಡೆಯ ಒಳಗೆ, ಕುಟುಂಬದ ದೇಗುಲವಾದ ಸಂಗ್ಗಹ್ ಇದೆ. ದೇವರಿಗೆ ಈಶಾನ್ಯವನ್ನು ಬಿಟ್ಟುಕೊಡುವ ನಮ್ಮ ರೂಢಿಯನ್ನು ಬಲ್ಲವರಿಗೆ ಇದು ಪರಿಚಿತವೆನಿಸಬಹುದು. ಆದರೆ ಬಾಲಿಯಲ್ಲಿ ಮೊದಲ ಲೆಕ್ಕ ಬೆಟ್ಟದ ಕಡೆ ಮತ್ತು ಕಡಲ ಕಡೆ ಎಂಬುದು. ಬೆಟ್ಟದ ಕಡೆಯೂ ಸೂರ್ಯ ಹುಟ್ಟುವ ಕಡೆಯೂ ಕೂಡುವ ಮೂಲೆ ಅತ್ಯಂತ ಪವಿತ್ರ, ಮತ್ತು ದಕ್ಷಿಣ ಬಾಲಿಯಲ್ಲಿ ಅದು ಈಶಾನ್ಯವಾಗುತ್ತದೆ.

ಮನೆಯ ಯಜಮಾನರು ಸಂಜೆ ಬಿಡುವು ಮಾಡಿಕೊಂಡು ಅಂಗಳದ ಅಳತೆಗಳನ್ನು ನಡೆದೇ ತೋರಿಸಿದರು, ಮತ್ತು ಇಡೀ ವಾಸ್ತವ್ಯದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಒಂದು ಗಂಟೆಗೆ. ಆಸ್ತ ಕೋಸಲ ಕೋಸಲಿ ಎಂಬ ತಾಳೆಗರಿ ಗ್ರಂಥಗಳ ನಿಯಮದಂತೆ, ಉಂಡಗಿ ಎಂದು ಕರೆಸಿಕೊಳ್ಳುವ ಸಾಂಪ್ರದಾಯಿಕ ವಾಸ್ತುಶಿಲ್ಪಿ ಮನೆಯೊಡೆಯನ ದೇಹದಿಂದಲೇ ಅಳತೆ ತೆಗೆಯುತ್ತಾನೆ. ಮಂಟಪದಿಂದ ಮಂಟಪಕ್ಕೆ ಇರುವ ಅಂತರವನ್ನು ಪಾದದ ಮುಂದೆ ಪಾದವಿಟ್ಟು ಎಣಿಸುತ್ತಾರೆ. ಎಣಿಕೆ ಶ್ರೀ, ಇಂದ್ರ, ಗುರು, ಯಮ ಮೊದಲಾದ ಎಂಟು ಹೆಸರುಗಳಲ್ಲಿ ಸುತ್ತುತ್ತದೆ. ಅಡುಗೆಮನೆಯ ಎಣಿಕೆ ಬೆಂಕಿಯ ಅಧಿದೇವತೆಯಾದ ಬ್ರಹ್ಮನಲ್ಲಿ ನಿಲ್ಲಬೇಕು. ಕೊನೆಯಲ್ಲಿ ಪಾದವನ್ನು ಅಡ್ಡಲಾಗಿ ಇಟ್ಟು ಅದರ ಅಗಲವನ್ನೂ ಸೇರಿಸುತ್ತಾರೆ, ಏಕೆಂದರೆ ಅಳತೆಗೆ ಜೀವ ಕೊಡುವುದು ಆ ಅಡ್ಡಪಾದ. ಯಜಮಾನರು ತಮ್ಮ ಅಜ್ಜನ ಪಾದದಲ್ಲಿ ಅಳೆದ ಅಂಗಳವನ್ನು ತಮ್ಮ ಪಾದದಲ್ಲಿ ಅಳೆದು, ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನೂ ತೋರಿಸಿದರು. ಪೂರ್ವ ಮಂಟಪದ ಹಲಸಿನ ಮರದ ಕಂಬಗಳಲ್ಲಿ ಮೊಳೆ ಇಲ್ಲ, ಬೆಣೆಗಳೇ ಬಿಗಿಹಿಡಿದಿವೆ. ಮರ ಬೆಳೆದಾಗ ಬೇರಿನ ಕಡೆ ಇದ್ದ ತುದಿಯೇ ಕಂಬದಲ್ಲೂ ಕೆಳಗಿದೆ. ಇಂಥ ವಿವರಣೆಯನ್ನು ಯಾವ ಪ್ರವಾಸಿ ಮಾರ್ಗದರ್ಶಿಯಿಂದಲೂ ನಾನು ಕೇಳಿರಲಿಲ್ಲ.

ಈ ಮೆಚ್ಚುಗೆ ಕೋಣೆಗಳ ವಿಷಯಕ್ಕೆ ಬಂದಾಗ ಪೂರ್ತಿಯಾಗಿ ಉಳಿಯುವುದಿಲ್ಲ. ಹಿಂದೆ ಹಂದಿ ಕಟ್ಟುತ್ತಿದ್ದ, ತೆಂಗು ಬಾಳೆ ಬೆಳೆಯುತ್ತಿದ್ದ ಹಿತ್ತಿಲಿನಲ್ಲಿ ಈಗ ಎರಡಂತಸ್ತಿನ ಹೊಸ ಕಟ್ಟಡವೊಂದು ಎದ್ದಿದೆ. ಮೇಲಿನ ಕೋಣೆಗಳು ಹವಾನಿಯಂತ್ರಿತವಾಗಿವೆ, ಸ್ವಚ್ಛವಾಗಿವೆ. ಆದರೆ ಅವುಗಳ ಜಗಲಿಯಿಂದ ನೋಡಿದರೆ ಕಪ್ಪು ಈಜುಕ್ ನಾರು ಹೊದಿಸಿದ ದೇಗುಲದ ಸೂರುಗಳು ನಮ್ಮ ಕಾಲಿನ ಮಟ್ಟಕ್ಕಿಂತ ಕೆಳಗೆ ಕಾಣುತ್ತವೆ. ದೇವರ ನೆಲೆಗಿಂತ ಎತ್ತರದಲ್ಲಿ ಮನುಷ್ಯ ಮಲಗಬಾರದು ಎಂದು ಮಂಟಪಗಳ ಎತ್ತರವನ್ನು ಒಂದೊಂದು ಕಟ್ಟೆಯಲ್ಲೂ ಯೋಚಿಸಿ ಇಳಿಸಿದ ಮನೆಯಲ್ಲಿ ಹೀಗಾಗಿರುವುದು ನನಗೆ ನಿಜಕ್ಕೂ ನೋವು ತಂದಿತು. ಪ್ರವಾಸಿಗಳು ಕೊಡುವ ಹಣವೇ ಇದಕ್ಕೆ ಕಾರಣ, ಆ ಹಣದಿಂದಲೇ ಮಕ್ಕಳ ಓದು ಸಾಗುತ್ತಿದೆ ಎಂಬುದನ್ನು ಬಲ್ಲೆ; ಆದ್ದರಿಂದ ದೂರುವುದಕ್ಕಿಂತ, ಕೆಳಗಿನ ಕೋಣೆಗಳನ್ನೇ ಕೇಳಿ ಪಡೆಯಿರಿ ಎಂದು ಓದುಗರನ್ನು ಕೋರುತ್ತೇನೆ. ಪಶ್ಚಿಮ ಮಂಟಪದಲ್ಲಿ ಒಂದು ಹಳೆಯ ಕೋಣೆಯಿದೆ. ಫ್ಯಾನ್ ಮಾತ್ರ, ಸೊಳ್ಳೆಪರದೆ ಬೇಕೇ ಬೇಕು, ನಸುಕಿಗೂ ಮುಂಚೆ ಹುಂಜಗಳು ಕೂಗುತ್ತವೆ. ಬಾಡಿಗೆಯೂ ಕಡಿಮೆ.

ಆ ಕೋಣೆಯ ಜಗಲಿಯಲ್ಲಿ ಕುಳಿತರೆ ಬೆಳಗಿನ ಅಂಗಳ ಪೂರ್ತಿ ಕಾಣುತ್ತದೆ. ಅನ್ನ ಬೆಂದ ಮೇಲೆ, ಯಾರೂ ಒಂದು ತುತ್ತು ತಿನ್ನುವ ಮೊದಲು, ಮನೆಯ ಸೊಸೆ ಬಾಳೆಲೆಯ ಚಿಕ್ಕ ಚೌಕಗಳ ಮೇಲೆ ಚಿಟಿಕೆಯಷ್ಟು ಅನ್ನ ಮತ್ತು ಉಪ್ಪನ್ನು ಇಟ್ಟುಕೊಂಡು ಹೊರಡುತ್ತಾಳೆ. ಒಲೆಯ ಮೇಲೆ ಒಂದು, ನೀರಿನ ಪಾತ್ರೆಯ ಬಳಿ ಒಂದು, ಅಕ್ಕಿಯ ಡಬ್ಬಿಯ ಮೇಲೆ ಒಂದು, ಅಂಗಳದ ನಡುವೆ, ಬಾಗಿಲಿನಲ್ಲಿ ಒಂದೊಂದು. ಇದಕ್ಕೆ ಸೈಬನ್ ಎನ್ನುತ್ತಾರೆ. ಅವಳು ಬೆನ್ನು ತಿರುಗಿಸುವಷ್ಟರಲ್ಲಿ ಗುಬ್ಬಿಗಳೂ ಇರುವೆಗಳೂ ಬಂದು ತಿನ್ನುತ್ತವೆ, ಅವನ್ನು ಯಾರೂ ಓಡಿಸುವುದಿಲ್ಲ. ಆಮೇಲೆ ತೆಂಗಿನ ಗರಿಯ ಪುಟ್ಟ ತಟ್ಟೆಗಳಲ್ಲಿ ಚನಾಂಗ್ ಸಾರಿ ಎಂಬ ಹೂವಿನ ಅರ್ಪಣೆ ಬರುತ್ತದೆ: ಪೂರ್ವಕ್ಕೆ ಬಿಳಿ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು. ಅವಳ ಅತ್ತೆ ಗರಿ ಹೆಣೆಯುತ್ತ ಕುಳಿತಿದ್ದಾಗ ನನ್ನ ಹೆಂಡತಿಗೂ ಕಲಿಸಿದರು. ಇದಕ್ಕೆ ಪ್ರತ್ಯೇಕ ಶುಲ್ಕವಾಗಲಿ, ತರಗತಿಯ ವೇಳಾಪಟ್ಟಿಯಾಗಲಿ ಇಲ್ಲದಿರುವುದನ್ನು ವಿಶೇಷವಾಗಿ ಹೇಳಬೇಕು.

ಉಪಾಹಾರ ಸಾಧಾರಣ: ಬಾಳೆಹಣ್ಣಿನ ಕರಿದ ತಿಂಡಿ, ಹಣ್ಣುಗಳು, ಪುಡಿಯ ಮೇಲೆಯೇ ಬಿಸಿನೀರು ಸುರಿದ ಬಾಲಿ ಕಾಫಿ. ಸಸ್ಯಾಹಾರಿಗಳು ಮುಂಚಿತವಾಗಿ ತಿಳಿಸಬೇಕು, ಏಕೆಂದರೆ ತರಕಾರಿಯದೆಂದು ಕೊಡುವ ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲೂ ಸಾಮಾನ್ಯವಾಗಿ ತೆರಾಸಿ ಎಂಬ ಒಣ ಸಿಗಡಿಯ ಮುದ್ದೆ ಇರುತ್ತದೆ. ತಿಳಿಸಿದ ದಿನ ನಮಗೆ ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ) ಮತ್ತು ಸೊಪ್ಪಿನ ಊಟ ಚೆನ್ನಾಗಿಯೇ ಸಿಕ್ಕಿತು.

ಕುಟುಂಬದ ದೇಗುಲದೊಳಗೆ ಕರೆಯದೆ ಹೋಗಬಾರದು. ಕರೆದಾಗ ಸರೋಂಗ್ ಉಟ್ಟು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಬೇಕು. 210 ದಿನಗಳಿಗೊಮ್ಮೆ ಬರುವ ಗಲುಂಗಾನ್ ಹಬ್ಬದ ಹೊತ್ತಿಗೆ ಹೋಗುವುದಾದರೆ ಬೀದಿಯುದ್ದಕ್ಕೂ ಪೆಂಜೋರ್ ಎಂಬ, ಅಲಂಕರಿಸಿದ ಬಾಗಿದ ಬಿದಿರಿನ ಗಳುಗಳನ್ನು ನೋಡಬಹುದು, ಆದರೆ ಮನೆಯವರು ಪೂಜೆಯಲ್ಲಿ ಮುಳುಗಿರುವಾಗ ಕೋಣೆ ಗುಡಿಸಲು ತಡವಾದರೆ ಬೇಸರಿಸಬಾರದು. ತಮ್ಮಷ್ಟಕ್ಕೆ ತಾವು ಏಕಾಂತದಲ್ಲಿರಲು ಬಯಸುವ ನವದಂಪತಿಗಳಿಗೂ, ಎತ್ತರದ ಮೆಟ್ಟಿಲುಗಳನ್ನು ಹತ್ತಲಾಗದ ಹಿರಿಯರಿಗೂ ಇದನ್ನು ನಾನು ಸೂಚಿಸಲಾರೆ. ಉಳಿದವರು ಕಾಯ್ದಿರಿಸುವಾಗಲೇ ಪಶ್ಚಿಮ ಮಂಟಪದ ಕೋಣೆ ಖಾಲಿ ಇದೆಯೇ ಎಂದು ಕೇಳಿ, ಇಲ್ಲವಾದರೆ ದಿನಾಂಕವನ್ನು ಬದಲಿಸಿಕೊಳ್ಳುವುದು ಲೇಸು.